ಮಳೆಯಲ್ಲಿ ಮಾತ್ರ ಮುಗ್ಗರಿಸುತ್ತಿದ್ದ ಎಂಜಿನ್

ನಮ್ಮ ಹಳೆಯ ಪೆಟ್ರೋಲ್ ಕಾರು ಬಿಸಿಲಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮಳೆ ಹಿಡಿದ ದಿನ ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟ ಏರಲು ಶುರು ಮಾಡಿದರೆ ಸಾಕು, ಜಗ್ಗಿ ಜಗ್ಗಿ ಹೋಗುತ್ತಿತ್ತು, ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರೆ ನನ್ನ ಎದೆ ಡವಡವ. ಗ್ಯಾರೇಜಿಗೆ ಒಯ್ದರೆ ಏನೂ ಇಲ್ಲ! ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ ಬದಲಿಸಿದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕ್ಲೀನ್ ಮಾಡಿಸಿದೆ. ಸುಮ್ನೆ ದುಡ್ಡು ಹೋಯಿತು.

ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರು "ತಮ್ಮಾ, ಕತ್ತಲಾದ ಮೇಲೆ ಗಾಡಿ ತಗೊಂಡು ಬಾ" ಎಂದರು. ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರು ಮತ್ತು ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್ ಮೇಲೆ ತೆಳ್ಳಗೆ ನೀರು ಸಿಂಪಡಿಸಿದರು. ಚಟಚಟ ಅಂತ ನೀಲಿ ಕಿಡಿ! ಮೂರನೇ ಸಿಲಿಂಡರಿನ ವೈರಿನಿಂದ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು.

ಘಟ್ಟದಲ್ಲೇ ಯಾಕೆ ಅಂದರೆ, ಏರಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತುತ್ತೇವೆ ಅಲ್ವಾ, ಆಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚಿ, ಪ್ಲಗ್ಗಿನಲ್ಲಿ ಕಿಡಿ ಹಾರಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ವೈರಿನ ರಬ್ಬರ್ ಬಿರುಕು ಬಿಟ್ಟು ಒದ್ದೆಯಾಗಿದ್ದರೆ ಕರೆಂಟಿಗೆ ಅದೇ ಸುಲಭದ ದಾರಿ. ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದೇ ಇಲ್ಲ. ಬಿಚ್ಚಿ ನೋಡಿದರೆ ಆ ಪ್ಲಗ್ ಕಪ್ಪಗೆ, ಒದ್ದೆಯಾಗಿ, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಮೊದಲೇ ನಾಲ್ಕೂ ಪ್ಲಗ್ ಪಕ್ಕಪಕ್ಕ ಇಟ್ಟು ನೋಡಿದ್ದರೆ ತೊಂದರೆ ಯಾವ ಸಿಲಿಂಡರಿನದು ಅಂತ ಗೊತ್ತಾಗಿ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಈ ಪರೀಕ್ಷೆ ಮಾಡುವಾಗ ದಯವಿಟ್ಟು ವೈರು ಮುಟ್ಟಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಪೆಟ್ರೋಲ್ ಸೋರುತ್ತಿದ್ದರೆ ಮಾಡಲೇಬೇಡಿ. ನಾನು ವೈರಿನ ಪೂರ್ತಿ ಸೆಟ್ ಬದಲಿಸಿದೆ. ಮರುವಾರ ಅದೇ ಘಟ್ಟ, ಅದೇ ಜಡಿಮಳೆ, ಗಾಡಿ ಒಂದು ಸಲವೂ ಜಗ್ಗಲಿಲ್ಲ.