ಬಾಣಂತಿ ಮೀನು

ತಂಗಿ ಬಾಣಂತಿ. ಅಮ್ಮ ತಾಟೆ ಮೀನು, ಅಂದರೆ ಸಣ್ಣ ಶಾರ್ಕ್, ತರಲು ಹೇಳಿದ್ದರು. ಹಾಲು ಜಾಸ್ತಿ ಆಗುತ್ತದೆ ಅಂತ ನಂಬಿಕೆ.

ಬುಟ್ಟಿಯಲ್ಲಿ ಎರಡು ಥರದ್ದು ಇತ್ತು. "ಎರಡೂ ತಾಟೆಯೇ ಮಾರಾಯ್ರೆ" ಅಂದರು ಮೀನಿನ ಅಕ್ಕ. ಒಂದನ್ನು ಕೈಗೆತ್ತಿಕೊಂಡೆ. ಮೂತಿ ಚಪ್ಪಟೆ, ಸಣ್ಣ ಸಲಿಕೆಯ ಹಾಗೆ. ಬೆನ್ನಿನ ರೆಕ್ಕೆ ಎಷ್ಟು ಹಿಂದಕ್ಕಿದೆ ಅಂದರೆ, ಯಾರೋ ಮರೆತು ಆಮೇಲೆ ಅಂಟಿಸಿದ ಹಾಗೆ. ಇದು ಸ್ಪೇಡ್‌ನೋಸ್ ಶಾರ್ಕ್. ಇನ್ನೊಂದಕ್ಕೆ ರೆಕ್ಕೆ ಮುಂದಿತ್ತು, ಬಾಯಿಯ ಮೂಲೆಯಲ್ಲಿ ಉದ್ದದ ಗೆರೆ. ಅದು ಮಿಲ್ಕ್ ಶಾರ್ಕ್. ಆ ಹೆಸರು ಬಂದದ್ದೇ ನಮ್ಮ ಈ ಬಾಣಂತಿ ನಂಬಿಕೆಯಿಂದ!

ಎರಡೂ ಮರಿ ಹಾಕುವ ಮೀನುಗಳು. ಮರಿಗೆ ಒಳಗೇ ಹೊಕ್ಕುಳಬಳ್ಳಿ ಇರುತ್ತದೆ, ನಮ್ಮ ಹಾಗೇ. ಸ್ಪೇಡ್‌ನೋಸ್‌ನ ಮೊಟ್ಟೆ ಬರೀ 1 ಮಿಲಿಮೀಟರ್, ಸಾಸಿವೆಗಿಂತ ಸಣ್ಣದು. ಉಳಿದದ್ದೆಲ್ಲ ತಾಯಿಯೇ ಕೊಡಬೇಕು. ಸಾಮಾನ್ಯವಾಗಿ 6ರಿಂದ 18 ಮರಿ ಹಾಕುತ್ತದೆ. ಮಿಲ್ಕ್ ಶಾರ್ಕ್ ಹೆಚ್ಚಾಗಿ ಹಾಕುವುದು 2ರಿಂದ 5 ಅಷ್ಟೇ.

ಬಲೆಗೆ ಬಿದ್ದಷ್ಟು ಮತ್ತೆ ತುಂಬಿಕೊಳ್ಳುವುದು ಯಾವುದಕ್ಕೆ ಕಷ್ಟ ಹೇಳಿ? ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಅಂತ ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಸ್ಪೇಡ್‌ನೋಸ್ ಅಪಾಯದ ಹತ್ತಿರ ಇದೆ. ಮಿಲ್ಕ್ ಶಾರ್ಕ್‌ನ ಸ್ಥಿತಿ ಇನ್ನೂ ಒಂದು ಮೆಟ್ಟಿಲು ಕೆಟ್ಟದ್ದು, 'ವಲ್ನರಬಲ್', ಅಂದರೆ ಅಳಿವಿನ ಅಪಾಯದಲ್ಲೇ ಇದೆ. ಬುಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಒಂದೇ ರೇಟು.

ಮಿಲ್ಕ್ ಶಾರ್ಕ್‌ನ ಹೊಟ್ಟೆ ಉಬ್ಬಿತ್ತು. ಸುಮ್ನೆ ಬೆರಳಿಟ್ಟು ನೋಡಿದೆ. ಒಳಗೆ ಮರಿಗಳು ಕೈಗೆ ಸಿಕ್ಕಿದವು.

ಬಂಗುಡೆ ತಗೊಂಡು ಮನೆಗೆ ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.