ತಾರೀಖು ನೋಡಿ ಬಿತ್ತಬೇಡಿ, ಮಣ್ಣು ಮುಟ್ಟಿ ಬಿತ್ತಿ

ಚಳಿ ಹಿಂದೆ ಸರಿದು ಬಿಸಿಲು ಚುರುಕಾದರೆ ಸಾಕು, ಗುದ್ದಲಿ ಹಿಡಿದು ಹಿತ್ತಲಿಗೆ ಇಳಿಯೋಣ ಅನ್ನಿಸುತ್ತದೆ. ವಸಂತದ ಕೈತೋಟ ಕೆಡುವುದು ಹೆಚ್ಚಾಗಿ ಈ ಆತುರದಿಂದಲೇ. ಗಾಳಿ ಬೆಚ್ಚಗಾಗಿ ಎಷ್ಟೋ ದಿನ ಕಳೆದ ಮೇಲೆ ಮಣ್ಣು ಬೆಚ್ಚಗಾಗುತ್ತದೆ. ಬೀಜ ಕೂರುವುದು, ಬೇರು ಓಡುವುದು ಎರಡೂ ಮಣ್ಣಿನೊಳಗೆ, ಆದ್ದರಿಂದ ಅಗೆಯುವ ಮೊದಲು ಮುಟ್ಟಿ ನೋಡಬೇಕು.

ಅರ್ಧ ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ತಿವಿದರೆ ಪುಡಿಯಾಗಿ ಉದುರಬೇಕು. ಇದು ಹದ. ತಿವಿದ ಕಡೆ ಬೆರಳಿನ ಗುರುತು ಮಾತ್ರ ಮೂಡಿ ಉಂಡೆ ಹಾಗೇ ಉಳಿದರೆ, ಮೇಲ್ಮೈ ನುಣ್ಣಗೆ ಹೊಳೆದರೆ, ಇನ್ನೂ ಮೂರು ನಾಲ್ಕು ದಿನ ಗುದ್ದಲಿ ಮುಟ್ಟಬೇಡಿ. ಹಸಿ ಜೇಡಿಮಣ್ಣನ್ನು ಅಗೆದರೆ ಅಥವಾ ತುಳಿದರೆ ಕಣಗಳ ನಡುವಿನ ಗಾಳಿಯ ಸಂದು ಮುಚ್ಚಿಹೋಗುತ್ತದೆ. ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಗಳು ಉಳಿಯುತ್ತವೆ. ಆಮೇಲೆ ಎಷ್ಟು ಒಡೆದರೂ ಆ ಹಂಗಾಮು ಪೂರ್ತಿ ಮಣ್ಣು ಸರಿಹೋಗುವುದಿಲ್ಲ. ಉಂಡೆಯೇ ಕಟ್ಟದಷ್ಟು ಒಣಗಿದ್ದರೆ ಹಿಂದಿನ ದಿನ ಸಂಜೆ ನಿಧಾನವಾಗಿ ನೀರು ಇಂಗಿಸಿ, ಮರುದಿನ ಮತ್ತೆ ಹಿಡಿದು ನೋಡಿ.

ಬಿಸಿಗೆ ಒಂದು ಸಾಧಾರಣ ಥರ್ಮಾಮೀಟರ್ ಸಾಕು. ಬೆಳಿಗ್ಗೆ ಹೊತ್ತು, 5 ಸೆಂ.ಮೀ. ಆಳದಲ್ಲಿ, ಮೂರು ನಾಲ್ಕು ದಿನ ಸತತವಾಗಿ ನೋಡಿ; ಮಧ್ಯಾಹ್ನದ ಲೆಕ್ಕ ನಂಬಬೇಡಿ. ಬಟಾಣಿ, ಪಾಲಕ್, ಮೂಲಂಗಿ 7–8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೊಳೆಯುತ್ತವೆ, ತಡವಾದರೂ ಕೊಳೆಯುವುದಿಲ್ಲ. ಟೊಮೆಟೊ ಸಸಿ ನೆಡಲು ಮಣ್ಣು 15 ಡಿಗ್ರಿ ದಾಟಿರಬೇಕು, ಬೀನ್ಸ್ ಬಿತ್ತಲು 16. ಸೌತೆ, ಬೆಂಡೆ, ಕುಂಬಳಕ್ಕೆ 20 ಡಿಗ್ರಿಗಿಂತ ಮೊದಲು ಕೈ ಹಾಕದಿರುವುದೇ ಒಳ್ಳೆಯದು. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೆಂಡೆ ಬೀಜ ಉಬ್ಬಿ ಅಲ್ಲೇ ಕೊಳೆಯುತ್ತದೆ. ಹದಿನೈದು ದಿನ ತಡವಾಗಿ ಬಿತ್ತಿದ್ದು ಎಷ್ಟೋ ಸಲ ಮೊದಲು ಬಿತ್ತಿದ್ದನ್ನು ಹಿಂದೆ ಹಾಕುತ್ತದೆ. ಚಳಿಗಾಲವೇ ಹಗುರವಾಗಿರುವ ಕಡೆ ತೊಂದರೆ ತಿರುಗುಮುರುಗು: ಮಣ್ಣು 30 ಡಿಗ್ರಿಯತ್ತ ಹೋದರೆ ಪಾಲಕ್ ಸರಿಯಾಗಿ ಮೊಳೆಯುವುದಿಲ್ಲ, ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ. ಅಲ್ಲಿ ಸೊಪ್ಪನ್ನು ವಸಂತದ ಶುರುವಿನಲ್ಲೇ ಮುಗಿಸಿಕೊಳ್ಳಬೇಕು.

ಮಡಿಯ ಅಗಲ 4 ಅಡಿ ಮೀರಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಒಳಗೆ ಕಾಲಿಡುವ ಪ್ರಸಂಗವೇ ಬರಬಾರದು. ನಡೆಯುವ ದಾರಿಗೆ ಒಂದೂವರೆ ಅಡಿ ಬಿಡಿ. ಮಡಿಯ ಮೇಲೆ ಎರಡರಿಂದ ಮೂರು ಸೆಂ.ಮೀ. ದಪ್ಪ ಮಾಗಿದ ಕಾಂಪೋಸ್ಟ್ ಹರಡಿ ಮೇಲಿನ ಅರ್ಧ ಗೇಣು ಮಣ್ಣಿಗೆ ಬೆರೆಸಿ. ಒಂದು ಚದರ ಮೀಟರಿಗೆ ಸುಮಾರು 25 ಲೀಟರ್, ಅಂದರೆ ದೊಡ್ಡ ಬಕೆಟ್ಟಿನಲ್ಲಿ ಒಂದೂವರೆ ಬಕೆಟ್‌ನಷ್ಟು. ಮಾಗಿದ್ದೋ ಇಲ್ಲವೋ ಎನ್ನುವುದನ್ನು ಮೂಗೇ ಹೇಳುತ್ತದೆ: ಮಳೆ ಬಿದ್ದ ನೆಲದ ವಾಸನೆ ಬಂದರೆ ಸರಿ, ಮೂಗಿಗೆ ಅಡರುವ ಘಾಟು ಬಂದರೆ, ಒಳಗೆ ಕೈ ಹಾಕಿದಾಗ ಬಿಸಿ ಇದ್ದರೆ, ಸಿಪ್ಪೆ ಇನ್ನೂ ಸಿಪ್ಪೆಯಾಗಿಯೇ ಕಂಡರೆ ಅದನ್ನು ಗುಂಡಿಗೇ ವಾಪಸ್ ಹಾಕಿ. ಹಸಿ ಸಗಣಿ, ಹಸಿ ಕೋಳಿಗೊಬ್ಬರ ಎಳೆ ಬೇರನ್ನು ಸುಡುತ್ತವೆ. ಮೇಲಾಗಿ ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ರೋಗಾಣುವನ್ನೂ ತರುತ್ತವೆ. ಮರದ ಹೊಟ್ಟನ್ನು ಮಣ್ಣಿನೊಳಗೆ ಬೆರೆಸುವುದೂ ಬೇಡ. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಮಗೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಗೊಬ್ಬರ ಜಾಸ್ತಿಯಾದರೆ ಲಾಭ ಎನ್ನುವವರೂ ಇದ್ದಾರೆ. ಸಾರಜನಕ ಹೆಚ್ಚಾದ ಟೊಮೆಟೊ ಗಿಡ ಎದೆಯೆತ್ತರ ಬೆಳೆದು, ಎಲೆ ಕಡುಹಸಿರಾಗಿ, ಹೂವನ್ನೇ ಮರೆತುಬಿಡುತ್ತದೆ.

ಎಷ್ಟು ಗಿಡ ಎನ್ನುವ ಲೆಕ್ಕವನ್ನು ಬಿತ್ತುವ ಮೊದಲೇ ಹಾಕಿ. ನಾಲ್ಕು ಜನರ ಮನೆಗೆ ಟೊಮೆಟೊ 4ರಿಂದ 6, ಬದನೆ 3, ಮೆಣಸಿನಗಿಡ 3, ಬೆಂಡೆ 12–15, ಸೌತೆ ಬಳ್ಳಿ 2 ಧಾರಾಳ ಸಾಕು. ಪೊಟ್ಟಣದಲ್ಲಿ ಬೀಜ ಇದೆಯಲ್ಲ ಎಂದು ಎಲ್ಲವನ್ನೂ ಸುರಿಯುವ ಅಗತ್ಯವಿಲ್ಲ. ಮೂಲಂಗಿ, ಸೊಪ್ಪುಗಳನ್ನು ಒಂದೇ ದಿನ ಇಡೀ ಮಡಿಗೆ ಹಾಕದೆ ಹತ್ತು ಹದಿನೈದು ದಿನಕ್ಕೊಮ್ಮೆ ಒಂದೊಂದು ಮೊಳದ ಸಾಲು ಹಾಕಿ. ಮನೆಯ ಮಕ್ಕಳಿಗೆ ಒಂದು ಸಾಲು ಬಿಟ್ಟುಕೊಡುವುದಾದರೆ ಮೂಲಂಗಿಯೇ ಇರಲಿ: ಬೆಚ್ಚಗಿನ ಮಣ್ಣಿನಲ್ಲಿ ನಾಲ್ಕೈದು ದಿನಕ್ಕೆ ಮೊಳಕೆ, ಸಣ್ಣ ತಳಿಯಾದರೆ ತಿಂಗಳೊಳಗೆ ಕೀಳಬಹುದು. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬದವು. ಹೋದ ವರ್ಷ ಇವುಗಳಲ್ಲಿ ಯಾವುದಿತ್ತೋ ಆ ಮಡಿಯಲ್ಲಿ ಈ ಸಲ ಬೇರೆ ಕುಟುಂಬದ್ದನ್ನು ಹಾಕಿ, ಮೂರು ವರ್ಷ ತಿರುಗಿಸಿದರೆ ಒಳ್ಳೆಯದು.

ಬೀಜದ ಆಳಕ್ಕೆ ಒಂದೇ ಸೂತ್ರ: ಬೀಜದ ದಪ್ಪದ ಎರಡು ಮೂರು ಪಟ್ಟು. ಬೀನ್ಸ್ 3 ಸೆಂ.ಮೀ., ಬೆಂಡೆ 2, ಕ್ಯಾರೆಟ್ ಅರ್ಧದಿಂದ ಒಂದು. ಹರಿವೆಗೆ ಮಣ್ಣು ಉದುರಿಸಿ ಅಂಗೈಯಿಂದ ತಟ್ಟಿದರೆ ಆಯಿತು. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ, ಆದರೆ 12 ಗಂಟೆಗಿಂತ ಹೆಚ್ಚು ಹೊತ್ತು ನೆನೆಸಬೇಡಿ, ನೀರಿನಲ್ಲಿ ಬೀಜಕ್ಕೆ ಉಸಿರುಕಟ್ಟುತ್ತದೆ. ಕೊತ್ತಂಬರಿಯ ಒಂದೊಂದು ಕಾಳಿನೊಳಗೂ ಎರಡು ಬೀಜ ಇರುವುದರಿಂದ ಬಿತ್ತುವ ಮೊದಲು ಹಗುರವಾಗಿ ಉಜ್ಜಿ ಇಬ್ಭಾಗ ಮಾಡಿಕೊಳ್ಳಿ. ಸತಾಯಿಸುವುದು ಕ್ಯಾರೆಟ್. ಮೊಳೆಯಲು ಹತ್ತರಿಂದ ಇಪ್ಪತ್ತು ದಿನ ಬೇಕು, ಅಷ್ಟರೊಳಗೆ ಮೇಲ್ಮಣ್ಣು ಒಂದು ಸಲ ಒಣಗಿ ಹೆಪ್ಪುಗಟ್ಟಿದರೂ ಕೂದಲೆಳೆಯ ಮೊಳಕೆ ಅದನ್ನು ಸೀಳಿ ಮೇಲೆ ಬರಲಾರದು. ಸಾಲಿನ ಮೇಲೆ ಒದ್ದೆ ಗೋಣಿತಾಟು ಹಾಸಿ, ಐದನೆಯ ದಿನದಿಂದ ದಿನಾ ಎತ್ತಿ ನೋಡಿ, ಮೊದಲ ಹಸಿರು ಕಂಡ ದಿನವೇ ತೆಗೆದುಬಿಡಿ. ಒಂದು ದಿನ ಮರೆತರೂ ಮೊಳಕೆ ತಾಟಿಗೆ ಹೆಣೆದುಕೊಳ್ಳುತ್ತದೆ.

ಟ್ರೇಯಲ್ಲಿ ಸಸಿ ಮಾಡುವವರಿಗೆ ಬರುವ ದೊಡ್ಡ ಪೆಟ್ಟು ಸಸಿ ಕೊಳೆ ರೋಗ. ನಿನ್ನೆ ನೆಟ್ಟಗಿದ್ದ ಸಸಿ ಇಂದು ಅಡ್ಡ ಬಿದ್ದಿರುತ್ತದೆ. ಬಗ್ಗಿ ನೋಡಿದರೆ ಎಲೆಯಲ್ಲಿ ಇನ್ನೂ ಹಸಿರು ಇದೆ, ಕಾಂಡ ಮಾತ್ರ ಮಣ್ಣಿಗೆ ತಾಗುವ ಜಾಗದಲ್ಲಿ ಕಂದಾಗಿ, ನೀರು ಹಿಡಿದು, ದಾರದಷ್ಟು ಸಣ್ಣಗಾಗಿದೆ. ರೈಜೊಕ್ಟೋನಿಯಾದಂಥ ಶಿಲೀಂಧ್ರಗಳ, ಶಿಲೀಂಧ್ರವನ್ನೇ ಹೋಲುವ ಪಿಥಿಯಮ್‌ನಂಥ ಜೀವಿಗಳ ಕೆಲಸ ಇದು. ಬಿದ್ದದ್ದು ಏಳುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಉಳಿದವಕ್ಕೆ ಗಾಳಿ ಆಡುವಂತೆ ಮಾಡಿ, ಮೇಲ್ಮೈ ಒಣಗುವವರೆಗೆ ನೀರು ನಿಲ್ಲಿಸಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಒತ್ತಾಗಿ ಬಿತ್ತಿದ್ದು, ದಿನಾ ಮೇಲಿಂದ ನೀರು ಚಿಮುಕಿಸಿದ್ದು, ಹಳೆಯ ಟ್ರೇ ತೊಳೆಯದೆ ಬಳಸಿದ್ದು. ಸಸಿ ಸಪೂರವಾಗಿ ಉದ್ದಕ್ಕೆ ಬಾಗಿ ಬೆಳೆಯುತ್ತಿದ್ದರೆ ಅದಕ್ಕೆ ರೋಗವಿಲ್ಲ, ಬೆಳಕು ಸಾಲದು ಅಷ್ಟೆ. ಗೊಬ್ಬರ ಕೊಟ್ಟರೆ ಇನ್ನೂ ಸೊರಗುತ್ತದೆ.

ನಾಟಿಗೆ ಮೊದಲು 7ರಿಂದ 10 ದಿನ ಸಸಿಯನ್ನು ಹೊರಗೆ ರೂಢಿಸಿ. ಮೊದಲ ದಿನ ನೆರಳಲ್ಲಿ ಎರಡು ಗಂಟೆ, ಆಮೇಲೆ ದಿನದಿನಕ್ಕೆ ಹೊತ್ತನ್ನೂ ಬಿಸಿಲನ್ನೂ ಏರಿಸುತ್ತ ಹೋಗಿ. ನೇರವಾಗಿ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಕಾಗದದಂತಾಗುತ್ತದೆ. ನೆಡುವುದು ಸಂಜೆ ಅಥವಾ ಮೋಡದ ದಿನ. ಟೊಮೆಟೊ ಒಂದನ್ನು ಮಾತ್ರ ಆಳಕ್ಕೆ ಇಳಿಸಿ: ಕೆಳಗಿನ ಎಲೆ ಚಿವುಟಿ, ಕಾಂಡದ ಅರ್ಧಕ್ಕೂ ಹೆಚ್ಚು ಭಾಗ ಹೂತರೆ ಹೂತ ಕಾಂಡದ ಉದ್ದಕ್ಕೂ ಹೊಸ ಬೇರು ಬರುತ್ತದೆ. ಕಸಿ ಸಸಿಯಾದರೆ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಬದನೆ, ಮೆಣಸು ಟ್ರೇಯಲ್ಲಿ ಎಷ್ಟು ಆಳದಲ್ಲಿದ್ದವೋ ಅಷ್ಟೇ. ಅಂತರ ಟೊಮೆಟೊ, ಬದನೆಗೆ 2 ಅಡಿ, ಮೆಣಸಿಗೆ ಒಂದೂವರೆ, ಬೆಂಡೆಗೆ 1 ಅಡಿ. ಎಳೆ ಸಸಿಗಳ ನಡುವಿನ ಖಾಲಿ ನೆಲ ನೋಡಿ ಸಂಕಟಪಡಬೇಡಿ, ಬೇಕಿದ್ದರೆ ಅಲ್ಲಿ ಸೊಪ್ಪು ಹಾಕಿ. ಆಸರೆ ಕೋಲನ್ನು ನೆಟ್ಟ ದಿನವೇ ಊರಿಬಿಡಿ. ಗಿಡ ದೊಡ್ಡದಾದ ಮೇಲೆ ಊರಿದರೆ ಬೇರು ಹರಿಯುತ್ತದೆ.

ಮರುದಿನ ಬೆಳಿಗ್ಗೆ ಸಸಿ ಬುಡದಲ್ಲೇ ಕತ್ತರಿಸಿ ಬಿದ್ದಿದ್ದರೆ ಅದು ಕತ್ತರಿಸುವ ಹುಳುವಿನ ಕೆಲಸ. ಬುಡದ ಸುತ್ತ ಒಂದೆರಡು ಅಂಗುಲ ಮಣ್ಣು ಕೆದಕಿದರೆ ಸುರುಳಿ ಸುತ್ತಿಕೊಂಡ ಬೂದುಬಣ್ಣದ ಹುಳು ಅಲ್ಲೇ ಸಿಗುತ್ತದೆ. ಉಳಿದ ಸಸಿಗಳ ಕಾಂಡದ ಸುತ್ತ ರಟ್ಟಿನ ಬಳೆ ಮಾಡಿ, ಮಣ್ಣೊಳಗೆ 3 ಸೆಂ.ಮೀ., ಮೇಲೆ 5 ಸೆಂ.ಮೀ. ಇರುವಂತೆ ನಿಲ್ಲಿಸಿ. ಔಷಧಿಗೆ ಓಡುವ ಅಗತ್ಯವಿಲ್ಲ.

ನೀರಿನ ಲೆಕ್ಕ ಚದರ ಮೀಟರಿಗೆ ವಾರಕ್ಕೆ ಸುಮಾರು 25 ಲೀಟರ್, ಬಿಸಿಲೇರಿದಂತೆ ಇನ್ನಷ್ಟು. ಬೇರು ಹಿಡಿದ ಮೇಲೆ ದಿನಾ ಚೂರು ಚೂರು ಚಿಮುಕಿಸುವುದನ್ನು ಬಿಟ್ಟು ವಾರಕ್ಕೆ ಎರಡು ಮೂರು ಸಲ ಆಳಕ್ಕೆ ಇಂಗುವಂತೆ ಬುಡಕ್ಕೆ ಕೊಡಿ. ಬೆರಳಿನ ಎರಡನೆಯ ಗೆಣ್ಣಿನವರೆಗೆ ಮಣ್ಣು ಒಣಗಿದ್ದರೆ ಕೊಡುವ ಸಮಯ. ಮಧ್ಯಾಹ್ನ ಸೌತೆ, ಕುಂಬಳದ ಎಲೆ ಬಾಡಿದ್ದು ಕಂಡ ಕೂಡಲೇ ಪೈಪು ಹಿಡಿಯಬೇಡಿ, ಸಂಜೆಗೆ ಎಲೆ ತಾನಾಗಿ ನೆಟ್ಟಗಾದರೆ ನೀರು ಸಾಕಷ್ಟಿದೆ. ಬೆಳಿಗ್ಗೆಯೂ ಬಾಡಿದ್ದರೆ ಆಗ ಯೋಚಿಸಿ. ಒಂದು ವಾರ ಒಣಗಿಸಿ ಇನ್ನೊಂದು ವಾರ ತುಂಬಿಸಿದ ಮಡಿಯಲ್ಲಿ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುತ್ತದೆ. ಸುಣ್ಣದಂಶ ಮಣ್ಣಿನಲ್ಲಿ ಇದ್ದರೂ ಸಮನಾದ ನೀರಿಲ್ಲದೆ ಕಾಯಿಗೆ ತಲುಪದ್ದರಿಂದ ಹೀಗಾಗುವುದು. ಮೊಟ್ಟೆ ಚಿಪ್ಪು ಹಾಕಿದರೆ ಆ ಹಂಗಾಮಿನಲ್ಲಿ ಏನೂ ಬದಲಾಗುವುದಿಲ್ಲ, ಚಿಪ್ಪು ಕರಗಲು ಬಹಳ ಕಾಲ ಬೇಕು. ಒಣಹುಲ್ಲು, ಒಣ ಎಲೆಯನ್ನು 5–7 ಸೆಂ.ಮೀ. ಹೊದಿಸಿದರೆ ತೇವ ಸಮನಾಗಿರುತ್ತದೆ, ಆದರೆ ಮಣ್ಣು ಬೆಚ್ಚಗಾದ ಮೇಲೆಯೇ ಹೊದಿಸಿ, ಕಾಂಡಕ್ಕೆ ನಾಲ್ಕು ಬೆರಳು ಜಾಗ ಬಿಡಿ.

ಎಳೆ ಕುಡಿ ಸುರುಟಿ, ಕಾಂಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ಎಲೆ ಮಗುಚಿ ನೋಡಿ, ಗಿಡಹೇನು ಇರುತ್ತದೆ. ಮೊದಲು ನೀರಿನ ಜೋರು ಧಾರೆ. ಎರಡು ಮೂರು ದಿನ ಹೀಗೆ ತೊಳೆದೂ ಉಳಿದರೆ ಲೀಟರ್ ನೀರಿಗೆ 10 ಮಿಲಿಲೀಟರ್ ಸೌಮ್ಯ ದ್ರವ ಸೋಪು ಬೆರೆಸಿ, ಒಂದು ಎಲೆಯ ಮೇಲೆ ಪರೀಕ್ಷಿಸಿ, ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಹೇನಿನ ನಡುವೆ ಕಪ್ಪು ಮೈಮೇಲೆ ಕಿತ್ತಳೆ ಚುಕ್ಕಿಯ ಉದ್ದನೆ ಮರಿಯೊಂದು ಸರಿದಾಡುತ್ತಿದ್ದರೆ ಸೋಪು ಕೆಳಗಿಡಿ. ಅದು ಗುಲಗಂಜಿ ಹುಳುವಿನ ಮರಿ, ಹೇನನ್ನೇ ತಿಂದು ಬೆಳೆಯುತ್ತದೆ.

ಸೌತೆ, ಕುಂಬಳದ ಮೊದಲ ಹೂವೆಲ್ಲ ಉದುರಿದರೆ ಗಾಬರಿ ಬೇಡ, ಮೊದಲು ಬರುವುದು ಗಂಡು ಹೂ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಅದು ಹಳದಿಯಾಗಿ ಉದುರುತ್ತಿದ್ದರೆ ಜೇನು ಬಂದಿಲ್ಲವೆಂದು ಅರ್ಥ. ಬೆಳಿಗ್ಗೆ ಹತ್ತರೊಳಗೆ ಗಂಡು ಹೂ ಕಿತ್ತು, ದಳ ಸುಲಿದು, ನಡುವಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆತ್ತಗೆ ಉಜ್ಜಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು.

ಬಿಸಿಲೇರಿ ಬಟಾಣಿ ಬಳ್ಳಿ ಕೆಳಗಿನಿಂದ ಹಳದಿಯಾಗುತ್ತ ಬಂದಾಗ ಕೀಳದೆ ಬುಡಕ್ಕೆ ಕತ್ತರಿಸಿ. ಬೇರು ಅಲ್ಲೇ ಕೊಳೆತರೆ ಮಣ್ಣು ಸಡಿಲವಾಗಿ ಉಳಿಯುತ್ತದೆ. ಅದರ ಬೇರಿನ ಗಂಟುಗಳಲ್ಲಿರುವ ಸಾರಜನಕದಿಂದ ಭಾರಿ ಲಾಭ ನಿರೀಕ್ಷಿಸಬೇಡಿ, ಹೆಚ್ಚಿನ ಪಾಲು ಆಗಲೇ ಕಾಳಿಗೆ ಹೋಗಿರುತ್ತದೆ. ಒಂದು ಬೆರಳು ದಪ್ಪ ಕಾಂಪೋಸ್ಟ್ ಹಾಕಿ, ಅದೇ ಚಪ್ಪರಕ್ಕೆ ಹೀರೆ ಅಥವಾ ಹಾಗಲ ಹಬ್ಬಿಸಿ.