ಬಾಡಿಗೆಯಿಂದಲೇ ಕಂತು ಕಟ್ಟುತ್ತೇನೆ ಎನ್ನುವವರಿಗೆ

ಮೈಸೂರಿನ ಕುವೆಂಪುನಗರ, ದಟ್ಟಗಳ್ಳಿ, ವಿಜಯನಗರದ ಸುತ್ತ ಬೇರೆಯವರ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಮಾಲೀಕರು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಬಾಡಿಗೆದಾರರನ್ನು ಹುಡುಕಿ ಕರಾರು ಮಾಡಿಸುವುದರಿಂದ ಹಿಡಿದು ನಲ್ಲಿ ಸೋರಿದರೆ ಪ್ಲಂಬರ್ ಕರೆಸುವವರೆಗೆ ಎಲ್ಲ ನನ್ನ ಪಾಲು. ಮೊದಲ ಸಲ ಮನೆ ಕೊಳ್ಳಲು ಹೊರಟವರು ಬಹುತೇಕ ಕೇಳುವುದು ಒಂದೇ: "ಸಾಲದ ಕಂತು ಬಾಡಿಗೆಯಲ್ಲೇ ಕಳೆಯುತ್ತದೆ, ಅಲ್ಲವೇ?"

ಕಳೆಯುವುದಿಲ್ಲ. 80 ಲಕ್ಷ ರೂಪಾಯಿಯ ಮನೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 18,000 ಬಾಡಿಗೆ ಬಂದರೆ ವರ್ಷಕ್ಕೆ 2.16 ಲಕ್ಷ, ಹಾಕಿದ ಹಣಕ್ಕೆ ಶೇ 2.7. ಅದರಲ್ಲಿ 50 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷದ ಸಾಲವಾಗಿ ತಂದಿದ್ದರೆ ಕಂತೇ ಸುಮಾರು 43,400. ಉಳಿದ 25,000 ಪ್ರತಿ ತಿಂಗಳೂ ಸಂಬಳದಿಂದ ಹೋಗಬೇಕು. ಮುಂದೆ ಬೆಲೆ ಏರುತ್ತದೆ ಎನ್ನುತ್ತೀರಾ? ಏರಬಹುದು. ಆದರೆ ಅದನ್ನು ನಂಬಿ ಈ ತಿಂಗಳ ಕಂತು ಕಟ್ಟಲಾಗುವುದಿಲ್ಲ.

ಈ ಲೆಕ್ಕದಲ್ಲೂ ಹನ್ನೆರಡು ತಿಂಗಳು ಮನೆ ತುಂಬಿರುತ್ತದೆ ಎಂದು ಹಿಡಿದಿದ್ದೇನೆ. ನಮ್ಮೂರಲ್ಲಿ ಪಂಚಾಂಗವನ್ನೂ ನೋಡಬೇಕು. ಆಷಾಢದಲ್ಲಿ ಹಾಲು ಉಕ್ಕಿಸಲು ಒಪ್ಪುವ ಕುಟುಂಬ ಅಪರೂಪ. ಪಿತೃಪಕ್ಷ, ಧನುರ್ಮಾಸಗಳ ಕಥೆಯೂ ಅದೇ. ಜ್ಯೇಷ್ಠದ ಕೊನೆಗೆ ಖಾಲಿಯಾದ ಮನೆ ಶ್ರಾವಣ ಬರುವವರೆಗೆ ಬೀಗ ಹಾಕಿಕೊಂಡಿರುತ್ತದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಜೂನ್‌ನಲ್ಲಿ ಆರಂಭವಾದದ್ದು ಏಪ್ರಿಲ್‌ಗೆ ಮುಗಿಯುತ್ತದೆ. ಮಕ್ಕಳ ಶಾಲೆ ಬದಲಾಗುವ ಕಾಲ, ಮನೆ ಬೇಗ ತುಂಬುತ್ತದೆ. ಆದರೆ ಪ್ರತಿ ನವೀಕರಣಕ್ಕೂ ಗಡುವು ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ. ಕೆಲವು ವರ್ಷ ಕಳೆದರೆ ಡಿಸೆಂಬರ್ ಕೊನೆಗೆ, ನಡು ಧನುರ್ಮಾಸಕ್ಕೆ ಬಂದು ನಿಲ್ಲುತ್ತದೆ. ಆಗ ನಾನು ನಾಲ್ಕೈದು ತಿಂಗಳ ಚಿಕ್ಕ ಕರಾರು ಬರೆಸಿ ಮತ್ತೆ ಬೇಸಿಗೆಗೆ ತರುತ್ತೇನೆ. ಬಾಡಿಗೆ ಐನೂರು ಹೆಚ್ಚು ಕೇಳುವುದಕ್ಕಿಂತ ಇದರಲ್ಲಿ ಉಳಿಯುವ ಹಣ ದೊಡ್ಡದು.

ಇನ್ನು ಭೋಗ್ಯ, ಅಂದರೆ ತಿಂಗಳ ಬಾಡಿಗೆಯ ಬದಲು ಒಂದೇ ಸಲ ದೊಡ್ಡ ಮೊತ್ತ ಪಡೆದು ಮನೆ ಕೊಡುವುದು. ಒಟ್ಟಿಗೆ ಹತ್ತು ಲಕ್ಷ ಕೈಗೆ ಬರುತ್ತದೆ ಎಂದರೆ ಹೊಸ ಮಾಲೀಕರ ಕಣ್ಣು ಅರಳುತ್ತದೆ. 12,000 ಬಾಡಿಗೆ ಬರುವ ಮನೆಯನ್ನು ಹತ್ತು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ, ಆ ಹಣವನ್ನು ಶೇ 7ರ ಠೇವಣಿಯಲ್ಲಿ ಇಟ್ಟರೂ ತಿಂಗಳಿಗೆ ಆರು ಸಾವಿರ ಮುಟ್ಟುವುದಿಲ್ಲ. ಸಾಲಕ್ಕೆ ತುಂಬಿದರೂ ಉಳಿಯುವ ಬಡ್ಡಿ ಏಳು ಸಾವಿರದ ಆಸುಪಾಸು. ಅವಧಿ ಮುಗಿದಾಗ ಇಡೀ ಹತ್ತು ಲಕ್ಷ ವಾಪಸು ಕೊಡಬೇಕು, ಇರುವುದಿಲ್ಲ. ಮುಂದಿನ ಭೋಗ್ಯದಾರ ಸಿಗುವವರೆಗೆ ಹಳಬರು ಮನೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಮಗಳ ಮದುವೆಗೆಂದು ಭೋಗ್ಯದ ಹಣ ಖರ್ಚು ಮಾಡಿದ ಮೇಷ್ಟ್ರೊಬ್ಬರು ಮೂರು ವರ್ಷದ ನಂತರ "ಸ್ವಲ್ಪ ಅವರಿಗೆ ಹೇಳಿ ನೋಡಿ" ಎಂದು ನನ್ನನ್ನು ಕಳಿಸಿದರು. ಏನೆಂದು ಹೇಳುವುದು?

ಕಾಗದಪತ್ರ ವಕೀಲರ ಕೆಲಸ, ಅದರ ಶುಲ್ಕಕ್ಕೆ ಜಿಪುಣತನ ಬೇಡ. ರಿಂಗ್ ರಸ್ತೆಯಾಚೆ ಅಗ್ಗಕ್ಕೆ ಸಿಗುವ ರೆವಿನ್ಯೂ ನಿವೇಶನಕ್ಕೆ, ಅಂದರೆ ಕೃಷಿ ಭೂಮಿಯಲ್ಲಿ ಮಾಡಿದ ಸೈಟಿಗೆ, ಭೂಪರಿವರ್ತನೆ (ವಸತಿಗೆ ಬಳಸಲು ಸರ್ಕಾರದ ಅನುಮತಿ) ಆಗಿದೆಯೇ ಎಂಬುದು ಮೊದಲ ಪ್ರಶ್ನೆ. ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯೇ ಎಂಬುದು ಎರಡನೆಯದು. ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಕಾಯ್ದೆಯಡಿ ಕ್ರಯ ರದ್ದಾಗುತ್ತದೆ. ಆಸ್ತಿಯ ಮೇಲಿನ ಕ್ರಯ, ಸಾಲಗಳನ್ನು ತೋರಿಸುವ ಋಣಭಾರ ಪತ್ರವನ್ನು ಮೂವತ್ತು ವರ್ಷಕ್ಕೆ ತೆಗೆಸಿ, ಹದಿಮೂರಕ್ಕಲ್ಲ.

ಬಾಡಿಗೆದಾರರು ಬಿಡುವ ದಿನ ಗೋಡೆ, ನಲ್ಲಿಗಳ ಫೋಟೊವನ್ನು ಬಂದ ದಿನದ ಫೋಟೊದ ಜೊತೆ ಇಟ್ಟು ನೋಡಿದರೆ ಬಣ್ಣದ ಜಗಳ ಅರ್ಧ ಕಡಿಮೆಯಾಗುತ್ತದೆ. ವಾಣಿವಿಲಾಸದ ನೀರಿನ ಬಿಲ್, ಸೆಸ್ಕ್‌ನ ವಿದ್ಯುತ್ ಬಾಕಿ ಎರಡನ್ನೂ ನೋಡಿದ ಮೇಲೆಯೇ ಮುಂಗಡ ಹಿಂದಿರುಗಿಸಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಅವರ ಆಧಾರ್ ನಿಮ್ಮ ಮೀಟರಿನ ಆರ್‌.ಆರ್‌. ಸಂಖ್ಯೆಗೆ ಜೋಡಣೆಯಾಗಿದ್ದರೆ, ಬಿಡಿಸಿಕೊಂಡು ಹೋಗಲು ಅಂದೇ ಹೇಳಿ. ಇಲ್ಲದಿದ್ದರೆ ಹೊಸಬರ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ, ಮೊದಲ ಫೋನ್ ಬರುವುದು ನಿಮಗೇ.